ಲಾಕರ್‌ನಲ್ಲಿ ಇಡಲಾಗದ್ದು

“ಕೊರಳಲ್ಲಿರುವುದನ್ನೂ ತೆಗೆಯಬೇಕು” ಎಂದಳು ಎಂಆರ್‌ಐ ಕೋಣೆಯ ಹುಡುಗಿ. ದಾನಪ್ಪನವರು ಎರಡೂ ಕೈಯಿಂದ ಎದೆ ಮುಚ್ಚಿಕೊಂಡರು.

ಉಂಗುರ, ಗಡಿಯಾರ, ಕನ್ನಡಕ ಎಲ್ಲ ಬಿಚ್ಚಿ ಕೊಟ್ಟಾಗಿತ್ತು. ಹಿಂದುಗಡೆ ಲಾಡಿ ಕಟ್ಟುವ ಆಸ್ಪತ್ರೆಯ ಅಂಗಿಯನ್ನೂ, ಈ ವಯಸ್ಸಿನಲ್ಲಿ ಇದೊಂದು ಬಾಕಿ ಇತ್ತು ನೋಡು ಎಂದು ಗೊಣಗುತ್ತಲೇ ಹಾಕಿಕೊಂಡಿದ್ದರು. ಉಳಿದದ್ದು ಬೆಳ್ಳಿಯ ಕರಡಿಗೆಯೊಳಗಿನ ಇಷ್ಟಲಿಂಗ. ಧಾರವಾಡದಲ್ಲಿ ಹುಡುಗನಾಗಿದ್ದಾಗ ದೀಕ್ಷೆ ಕೊಟ್ಟು ಕಟ್ಟಿದ್ದು. ಮೈಬಿಟ್ಟು ಸರಿದದ್ದೇ ಇಲ್ಲ.

“ಬೆಳ್ಳಿ ಬ್ಯಾಡಂದ್ರ ಬ್ಯಾಡ. ಬರೇ ಲಿಂಗಾನ ಅರಿವ್ಯಾಗ ಸುತ್ತಿ ಕೊರಳಿಗೆ ಕಟಗೋತೀನಿ. ಕೇಳವಾ ಆಕೀನ” ಎಂದು ಸೊಸೆ ವಿಭಾಳಿಗೆ ಹೇಳಿದರು.

ವಿಭಾ ಕೇಳಿದಳು. ಹುಡುಗಿ ಪಾಪ ಒಳ್ಳೆಯವಳೇ. ಆದರೆ ಒಳಗಿರುವುದು ದೊಡ್ಡ ಅಯಸ್ಕಾಂತ, ಆ ಕರಡಿಗೆಯೊಳಗಿನ ವಸ್ತುವಿನಲ್ಲಿ ಏನಿದೆಯೋ ತನಗೆ ಗೊತ್ತಿಲ್ಲ, ಬಿಡಲಾಗದು ಎಂದಳು. ಬೇಕಾದರೆ ಲಾಕರ್ ಇದೆ, ಕೀ ನಿಮ್ಮ ಹತ್ತಿರವೇ ಇರಲಿ.

“ಲಾಕರ್‌ದಾಗ? ಲಿಂಗಾನ? ಅದೇನು ಕೋಟೇನು, ತೂಗಹಾಕಿ ಬರಾಕ? ನಡಿ ಮನೀಗೆ. ಈ ಸ್ಕ್ಯಾನೂ ಬ್ಯಾಡ, ಏನೂ ಬ್ಯಾಡ.”

ಈ ಪರದೇಶದಲ್ಲಿ ಮಗನ ಮನೆಯಿದ್ದ ಕ್ರೋಯ್ಡನ್ನಿಗೆ ವಾಪಸ್ ಹೋಗುವುದೇನೋ ಸುಲಭ. ಆಮೇಲೆ? ಕಿಡ್ನಿ ಒಳಗೊಳಗೇ ಗಟ್ಟಿಯಾಗಿ ಕಲೆಗಟ್ಟುತ್ತಿದೆಯೇ ಎಂದು ತಿಳಿಯಬೇಕಿತ್ತು. ತಿಳಿಯಲು ಬೆನ್ನಿಗೆ ಸೂಜಿ ಚುಚ್ಚಿ ಕಿಡ್ನಿಯ ಚೂರು ತೆಗೆಯಬೇಕು. ಹೃದಯಕ್ಕೆಂದು ರಕ್ತ ತೆಳುಮಾಡುವ ಮಾತ್ರೆ ನುಂಗುವ ದಾನಪ್ಪನವರಿಗೆ ಆ ಸೂಜಿಯೇ ಗಂಡಾಂತರ. ಅದಕ್ಕೇ ಡಾಕ್ಟರು, ಇನ್ನೂ ಪ್ರಯೋಗದಲ್ಲಿದ್ದ ಈ ಹೊಸ ಬಗೆಯ ಸ್ಕ್ಯಾನಿಗೆ ಹೆಸರು ಸೇರಿಸಿದ್ದರು.

“ನನ್ ಕೈಲಿ ಕೊಡಿ ಮಾವ” ಎಂದಳು ವಿಭಾ.

ದಾನಪ್ಪನವರು ಕರಡಿಗೆಯನ್ನು ಇನ್ನಷ್ಟು ಬಿಗಿಹಿಡಿದರು. ಮೈಸೂರಿನ ವಿಭಾ ಲಿಂಗ ಕಟ್ಟಿದವಳಲ್ಲ. ಸೊಸೆಯ ಮೇಲೆ ಅವರಿಗೆ ಪ್ರಾಣ. ಆದರೂ ಮದುವೆಯಾಗಿ ಬಂದಂದಿನಿಂದ ಪೂಜೆಯ ವೇಳೆ ಅವಳ ಜಾಗ ಬಾಗಿಲ ಹೊರಗೇ. ಲಿಂಗವಿಲ್ಲದವರು ಲಿಂಗ ಮುಟ್ಟಬಾರದು ಎಂಬುದು ಅವರ ನೇಮ. ಅವಳೂ ಒಂದು ದಿನವೂ ಯಾಕೆ ಎಂದು ಕೇಳಿದವಳಲ್ಲ.

“ನಾನು ಮುಟ್ಟಿದ್ರೆ ಮೈಲಿಗೆ ಆಗೋದಾದ್ರೆ ಆಗ್ಲಿ ಮಾವ. ನೀವಿರ್ಬೇಕು ನಮಗೆ.”

ದಾನಪ್ಪನವರು ಶಿವದಾರವನ್ನು ಕೊರಳಿಂದ ತೆಗೆದರು, ಕರಡಿಗೆ ಬಿಚ್ಚಿದರು, ಲಿಂಗವನ್ನು ಕಣ್ಣಿಗೊತ್ತಿಕೊಂಡು ಅವಳ ಅಂಗೈಯಲ್ಲಿಟ್ಟರು. “ನೆಲಕ್ಕಿಡಬ್ಯಾಡ. ಚೀಲದಾಗೂ ಹಾಕಬ್ಯಾಡವಾ” ಎಂದಷ್ಟೇ ಹೇಳಿ, ಖಾಲಿ ಕರಡಿಗೆಯನ್ನು ಲಾಕರಿಗೆ ಹಾಕಿ ಒಳಗೆ ನಡೆದರು.

ಯಂತ್ರ ಗಡಗಡ ಬಡಿಯಿತು. ಉಸಿರು ಬಿಗಿಹಿಡಿ ಎಂದಾಗ ಹಿಡಿದರು, ಬಿಡು ಎಂದಾಗ ಬಿಟ್ಟರು. ಬರಿದಾದ ಎದೆಯ ಮೇಲೆ ಏನೋ ಕಳೆದುಹೋದಂತೆ ಚಳಿ ಹತ್ತಿತು. ಎಲ್ಲ ಮುಗಿದ ಮೇಲೆ ಡಾಕ್ಟರೇ ಬಂದು, ಚಿತ್ರ ಚೆನ್ನಾಗಿ ಬಂದಿದೆ, ಮೇಲ್ನೋಟಕ್ಕೆ ಕಲೆ ಕಡಿಮೆ, ಪೂರ್ತಿ ವರದಿ ಆಮೇಲೆ, ಸದ್ಯಕ್ಕಂತೂ ಸೂಜಿ ಬೇಡ, ಔಷಧ ಶುರು ಮಾಡೋಣ ಎಂದರು. ದಾನಪ್ಪನವರು ಅವರ ಕೈ ಹಿಡಿದುಕೊಂಡರು. ಬರುತ್ತಿದ್ದ ಅಷ್ಟೂ ಇಂಗ್ಲಿಷು ಮರೆತು “ಪುಣ್ಯ ಬರಲಿ ನಿಮಗ, ಪುಣ್ಯ ಬರಲಿ” ಎಂದರು.

“ಸೂಜಿ ಬ್ಯಾಡಂತ ವಿಭಾ!” ಎಂದು ಕೂಗುತ್ತ ಹೊರಗೆ ಬಂದವರು ಅಲ್ಲೇ ನಿಂತರು.

ಸಾಲು ಕುರ್ಚಿಗಳು ಖಾಲಿ ಇದ್ದವು. ವಿಭಾ ಚಪ್ಪಲಿ ಬಿಟ್ಟು ಗೋಡೆಯ ಬದಿಗೆ ನಿಂತಿದ್ದಳು. ಲಿಂಗ ಎಡ ಅಂಗೈಯ ಮೇಲಿತ್ತು, ಎದೆಯ ಮಟ್ಟಕ್ಕೆ ಎತ್ತಿದ ಆ ಕೈ ಸೋತು ಅದುರುತ್ತಿತ್ತು. ಬಲಗೈ ಅದಕ್ಕೆ ಆಸರೆ ಕೊಟ್ಟಿತ್ತು.

“ಹುಚ್ಚವ್ವಾ, ಮುಷ್ಟ್ಯಾಗ ಹಿಡಕೊಂಡು ಕುಂತಿದ್ರ ಸಾಕಿತ್ತಲ್ಲ!”

“ನೀವು ದಿನಾ ಪೂಜೇಲಿ ಹೀಗೇ ಅಲ್ವಾ ಮಾವ ಹಿಡ್ಕೊಳ್ಳೋದು? ಬಾಗಿಲಿಂದ ನೋಡಿದ್ದೆ.”

ದಾನಪ್ಪನವರು ಲಿಂಗ ತೆಗೆದುಕೊಂಡು ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡರು. ಆಮೇಲೆ ಅವಳ ಬರಿದಾದ ಅಂಗೈಯತ್ತ ಬಾಗಿ ಕೈ ಮುಗಿದರು.

“ಅಯ್ಯೋ, ನನಗ್ಯಾಕೆ ಮಾವ! ಲಿಂಗಕ್ಕೆ ಮುಗೀರಿ.”

“ಲಿಂಗಕ್ಕ ದಿನಾ ಮುಗೀತೀನಲ್ಲವಾ.”