ಬೆಕ್ಕಿನ ಊಟ

ಹಿತ್ತಿಲ ಗೇಟು ಕಿರುಗುಟ್ಟಿತು. ಪ್ರೇಮಲೀಲಾ ಉಸಿರು ಬಿಗಿಹಿಡಿದು ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟರು. ಯಾದವಗಿರಿಯ ಆ ಬೀದಿಯ ಮಟ್ಟಿಗೆ ಅವರು ಆಗ ಫ್ರಾನ್ಸಿನಲ್ಲಿದ್ದರು.

"ಪಾಪ, ಬೆಕ್ಕು ಹಸಿದಿರುತ್ತೆ." ಎದುರುಮನೆಯ ಸುಮಿತ್ರಮ್ಮನ ದನಿ. ತಟ್ಟೆ ಇಟ್ಟ ಸದ್ದು. ಹೆಜ್ಜೆಗಳು ದೂರವಾದವು.

ಐದು ದಿನದ ಹಿಂದೆ ಇಡೀ ಬೀದಿ ಅವರನ್ನು ಬೀಳ್ಕೊಟ್ಟಿತ್ತು. ಮೂವತ್ತು ವರ್ಷ ಕಾಲೇಜಿನಲ್ಲಿ ಯೂರೋಪಿನ ಇತಿಹಾಸ ಪಾಠ ಮಾಡಿದ, ಮದುವೆಯಾಗದ, ಯಾರ ಮನೆಯ ಶುಭಕಾರ್ಯಕ್ಕೂ ನೆನಪಾಗದ ಮೇಡಂ ಒಬ್ಬರೇ ಫ್ರಾನ್ಸಿನ ಹಳ್ಳಿಗಾಡು ಸುತ್ತಿ, ಹಳೆಯ ಕೋಟೆಗಳನ್ನೆಲ್ಲ ನೋಡಿಬರುತ್ತಾರಂತೆ! ಹಾರ ಹಾಕಿದರು, ಶಾಲು ಹೊದಿಸಿದರು, ಮೊಸರು ಸಕ್ಕರೆ ತಿನ್ನಿಸಿದರು. ವೀಸಾ ಒತ್ತಿದ ಪಾಸ್‌ಪೋರ್ಟು ಬೆಂಗಳೂರಿನಲ್ಲಿ ಏಜೆಂಟನಿಂದ ಕೈಗೆ ಸಿಗಬೇಕಿತ್ತು. ಮೈಸೂರಿನ ಬಸ್ ನಿಲ್ದಾಣದಲ್ಲೇ ಏಜೆಂಟನ ಫೋನು ಬಂತು.

"ವೀಸಾ ರಿಜೆಕ್ಟ್ ಆಗಿದೆ ಮೇಡಂ."

ಹಾರದ ಮಲ್ಲಿಗೆ ಇನ್ನೂ ಬಾಡಿರಲಿಲ್ಲ. ಯಾವ ಮುಖ ಹೊತ್ತು ವಾಪಸ್ ಹೋಗುವುದು? ಬೀದಿಗೆ ಬೀದಿಯೇ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಹಿಂದಿನ ಗೇಟಿನಿಂದ ಮನೆ ಹೊಕ್ಕು ಚಿಲಕ ಹಾಕಿಕೊಂಡರು. ಹದಿನೈದು ದಿನ ತಾನೆ, ಹೇಗೋ ಕಳೆದರಾಯಿತು.

ದೀಪವಿಲ್ಲ, ಮಿಕ್ಸಿಯಿಲ್ಲ, ಕುಕ್ಕರಿನ ಸೀಟಿಯಿಲ್ಲ. ದಿನಕ್ಕೊಂದು ಚಿತ್ರ ಹುಡುಕಿ ಬೀದಿಯ ವಾಟ್ಸಾಪ್ ಗುಂಪಿಗೆ ಹಾಕುವುದೊಂದೇ ಕೆಲಸ. ಇಂದಿನದು ಶಾಂಬೋರ್ ಕೋಟೆಯ ಜೋಡಿ ಮೆಟ್ಟಿಲು. ಒಂದರಲ್ಲಿ ಹತ್ತುವವರೂ ಇನ್ನೊಂದರಲ್ಲಿ ಇಳಿಯುವವರೂ ಎದುರಾಗುವುದೇ ಇಲ್ಲ ಎಂದು ಕೆಳಗೆ ಬರೆದರು.

"ಒಂದು ಫೋಟೋದಲ್ಲೂ ನೀವೇ ಇಲ್ವಲ್ಲ ಮೇಡಂ?" ಎಂದು ಮೂಲೆಮನೆಯ ಸುಷ್ಮಾ ಕೇಳಿದಳು.

"ಒಬ್ಬಳೇ ಇದ್ದೀನಿ ಕಣಮ್ಮ, ತೆಗೆಯೋರು ಯಾರು?"

ಅದೊಂದು ಮಾತ್ರ ಸುಳ್ಳಾಗಿರಲಿಲ್ಲ. ಕಳಿಸಿದ ಮೇಲೆ ಅಳು ಬಂತು.

ಹಿತ್ತಿಲ ಬಾಗಿಲು ಸ್ವಲ್ಪವೇ ತೆರೆದು ತಟ್ಟೆ ಎಳೆದುಕೊಂಡರು. ಮನೆಯಲ್ಲಿದ್ದ ಅವಲಕ್ಕಿ, ಬ್ರೆಡ್ಡು ಮೊನ್ನೆಯೇ ಮುಗಿದಿದ್ದವು. ಒಗ್ಗರಣೆ ಹಾಕಿದ ಮೊಸರನ್ನ, ಪಕ್ಕದಲ್ಲಿ ಉಪ್ಪಿನಕಾಯಿ. ಬೀದಿಬೆಕ್ಕಿನ ಪಾಲು ಕದಿಯುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು, ಆದರೂ ಕೈ ತಡೆಯಲಿಲ್ಲ. ಹೋದ ವರ್ಷ ಸುಮಿತ್ರಮ್ಮ ಒಬ್ಬರೇ ಕಾಶಿಗೆ ಹೋದಾಗ ಇದೇ ಬೆಕ್ಕಿಗೆಂದು ಅವರ ಹಿತ್ತಿಲಲ್ಲಿ ತಾವೂ ದಿನಾ ಬಟ್ಟಲು ತುಂಬ ಹಾಲಿಟ್ಟಿದ್ದರು. ಬೆಕ್ಕು ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ, ಬಟ್ಟಲು ಮಾತ್ರ ಖಾಲಿಯಾಗಿರುತ್ತಿತ್ತು.

ಮರುದಿನವೂ ತಟ್ಟೆ ಬಂತು. ಅದರ ಮರುದಿನವೂ ಬಂತು.

ಹದಿನೈದನೆಯ ದಿನ ಮಧ್ಯಾಹ್ನ ಸೂಟ್‌ಕೇಸಿನೊಂದಿಗೆ ಹಿಂದಿನ ಗೇಟಿನಿಂದ ಹೊರಬಿದ್ದು, ಅರಸು ರಸ್ತೆಯಲ್ಲಿ ಚಾಕೊಲೇಟ್ ಕೊಂಡು, ಸಂಜೆ ಆಟೋದಲ್ಲಿ ಮುಂಬಾಗಿಲಿಗೆ ಬಂದಿಳಿದರು. ಬೀದಿಯವರೆಲ್ಲ ಮುತ್ತಿಕೊಂಡರು. ಕೋಟೆಗಳ ಬಗ್ಗೆ ಕೇಳಿದ್ದಕ್ಕೆಲ್ಲ ಪ್ರೇಮಲೀಲಾ ಪಾಠದಂತೆ ಉತ್ತರ ಕೊಟ್ಟರು. ಅಷ್ಟು ಜನ ಅವರ ಮನೆಗೆ ಬಂದದ್ದು ಅದೇ ಮೊದಲು.

ಎಲ್ಲರೂ ಹೋದರು. ಸುಮಿತ್ರಮ್ಮ ಮಾತ್ರ ಕುಳಿತಿದ್ದರು. ಅವರಿಗೆ ಪ್ರೇಮಲೀಲಾ ಬರೀ ಡಿಕಾಕ್ಷನ್ ತಂದುಕೊಟ್ಟರು. ಕಾಶಿಗೆ ಹೋದವರು ಇಷ್ಟವಾದುದೊಂದನ್ನು ಅಲ್ಲೇ ಬಿಟ್ಟುಬರಬೇಕಲ್ಲ, ಸುಮಿತ್ರಮ್ಮ ಹಾಲು ಬಿಟ್ಟಿದ್ದರು.

"ಉಪ್ಪಿನಕಾಯಿ ಖಾರ ಆಯ್ತಾ ಮೇಡಂ?" ಎಂದರು ಸುಮಿತ್ರಮ್ಮ, ಮೆಲ್ಲಗೆ.

ಪ್ರೇಮಲೀಲಾ ಎದ್ದುಹೋಗಿ ಮುಂಬಾಗಿಲು ಮುಚ್ಚಿದರು. ಮಾನ ಹೋಯಿತು. ನಾಳೆಯಿಂದ ಈ ಮನೆಯ ಬಾಗಿಲು ಯಾರು ತಟ್ಟುತ್ತಾರೆ?

"ಯಾರಿಗೂ ಹೇಳ್ಬೇಡಿ, ದಮ್ಮಯ್ಯ. ನಿಮಗೆ ಹೇಗೆ ಗೊತ್ತಾಯ್ತು?"

ಸುಮಿತ್ರಮ್ಮ ನಿಧಾನವಾಗಿ ಒಂದು ಗುಟುಕು ಕುಡಿದರು.

"ಹೋದ ವರ್ಷ ಟಿಕೆಟ್ ಕೈಲಿದ್ರೂ ಒಬ್ಬಳೇ ರೈಲು ಹತ್ತೋಕೆ ಧೈರ್ಯ ಬರ್ಲಿಲ್ಲ ಕಣ್ರೀ, ಸ್ಟೇಷನ್ನಿಂದ್ಲೇ ವಾಪಸ್ ಬಂದ್ಬುಟ್ಟೆ. ನೀವೋ, ಹದಿನೈದು ದಿನವೂ ಬರೀ ಹಾಲು ಇಟ್ರಿ!"