ಮೂಡಣ ಗೋಡೆಯ ಅಂಗೈ

ಮಳೆಗೆ ಕಲ್ಲು ಕರಗತೊಡಗಿ ಮೂವತ್ತು ವರ್ಷವಾಗಿತ್ತು. ಕರಗಿದ ಕಟ್ಟಡಗಳನ್ನು ದಸರೆಯೊಳಗೆ ಯಂತ್ರಗಳು ಹಳೆಯ ಅಳತೆಯಂತೆ ಮತ್ತೆ ಎಬ್ಬಿಸಿ ನಿಲ್ಲಿಸುವುದು ಊರಿನಲ್ಲಿ ಯಾರಿಗೂ ಸೋಜಿಗವಾಗಿ ಉಳಿದಿರಲಿಲ್ಲ. ಇಷ್ಟು ದಿನ ತಡೆದುಕೊಂಡಿದ್ದ ಗರಡಿಮನೆ ಈ ಸಲ ಕರಗಿ, ಹೊಸದಾಗಿ ಎದ್ದಿತ್ತು. ಅದು ಕರಗುವ ಮೊದಲೇ ಗೋಡೆಯ ಕಲೆ-ಗುರುತುಗಳ ಸಮೇತ ಅದರ ಅಳತೆಯನ್ನು ಯಂತ್ರದಲ್ಲಿ ಹಿಡಿದಿಟ್ಟವನು ಮಲ್ಹಾರಿ.

ಕುಸ್ತಿ ಬಿಡುವ ದಿನ ಪೈಲ್ವಾನರು ಬಲಗೈಯನ್ನು ಕೆಮ್ಮಣ್ಣಿನಲ್ಲಿ ಅದ್ದಿ ಗೋಡೆಗೆ ಒತ್ತಿ ಹೋಗುವುದು ಅಲ್ಲಿನ ರೂಢಿ. ಮುದುಕ ಮಾಯಪ್ಪ ಒಳಗೆ ಬಂದವನೇ ಮೂಡಣ ಗೋಡೆಯಲ್ಲಿ ತನ್ನ ಗುರುತಿದ್ದ ಜಾಗ ಹುಡುಕಿ ಅಂಗೈ ಇಟ್ಟ. ಕೂಡಲಿಲ್ಲ. ಗುರುತಿನ ಹೆಬ್ಬೆರಳು ಇನ್ನೊಂದು ಬದಿಗಿತ್ತು.

ಪಕ್ಕದಲ್ಲೇ ನಿಂತಿದ್ದ ಮಲ್ಹಾರಿಗೆ ಕಾರಣ ಗೊತ್ತಿತ್ತು. ಅಳತೆಯ ದಿನ ಆ ಗೋಡೆಯ ತುಂಬ ಗದೆ, ಗುಂಡುಕಲ್ಲುಗಳನ್ನು ಒಟ್ಟಿದ್ದರು. ಅವನ್ನು ಸರಿಸಲು ಬೇಸರಪಟ್ಟು, ಎದುರಿನ ಗೋಡೆಯ ಅಳತೆಯನ್ನೇ ಕನ್ನಡಿಯಲ್ಲಿ ಕಂಡಂತೆ ಮಗುಚಿ ಅವನು ಈ ಕಡೆಗೂ ಅಂಟಿಸಿಬಿಟ್ಟಿದ್ದ. ಅಲ್ಲಿನ ಬೇರೆಯವರ ಬಲಗೈಗಳೆಲ್ಲ ಇಲ್ಲಿ ಎಡಗೈಗಳಾಗಿ ನಿಂತಿದ್ದವು.

“ಅಜ್ಜಾ, ಅದೇನಂದ್ರ...” ಎಂದ ಮಲ್ಹಾರಿ.

“ಸುಮ್ನಿರಪಾ. ಯಂತ್ರ ಕಂಡದ್ದನ್ನ ಕಂಡಂಗ ಬರದೈತಿ. ನನ್ನ ನೆನಪೇ ಕೆಟ್ಟೈತಿ.”

ಮಾಯಪ್ಪ ಎಡಗೈ ಎತ್ತಿ ಗುರುತಿನ ಮೇಲಿಟ್ಟ. ಹೆಚ್ಚುಕಡಿಮೆ ಕೂಡಿತು. ಅವನ ಮುಖ ಸಣ್ಣದಾಯಿತು. ಗುರುವಿನ ಪಟದ ಕಡೆ ತಿರುಗಿ, “ತಪ್ಪಾತ್ರೀ ಗುರುಗಳೇ, ನಿಮ್ಮ ಗರಡಿಗೆ ಎಡಗೈ ಒತ್ತಿ ಹೋಗಿದ್ನಿ,” ಎನ್ನುತ್ತ ಎರಡೂ ಕೆನ್ನೆಗೆ ಪಟಪಟ ಬಡಿದುಕೊಂಡ.

ಉರಿದದ್ದು ಮಾತ್ರ ಮಲ್ಹಾರಿಯ ಕೆನ್ನೆ.