ಅಯಸ್ಕಾಂತ ಅಂಟುವ ತಾಟುಗಳು

ಅಯಸ್ಕಾಂತ ಅಂಟದ ಒಳ್ಳೆಯ ಸ್ಟೀಲು, ತನ್ನಲ್ಲಿ ಉಂಡವರ ಮಾತನ್ನು ಅವರು ಸತ್ತ ಮೇಲೂ ಆಡುತ್ತಿತ್ತು. ಮದುವೆಗೆ ಎಲ್ಲರೂ ಅದನ್ನೇ ಕೊಳ್ಳುತ್ತಿದ್ದರು. ಹುಬ್ಬಳ್ಳಿಯ ಪಾತ್ರೆ ಅಂಗಡಿಯಲ್ಲಿ ಕಸ್ತೂರೆವ್ವ ಮಾತ್ರ ಮಗಳು ಶಿವಲೀಲಾಳ ಮದುವೆಗೆ ಅಯಸ್ಕಾಂತ ಅಂಟುವ ತಾಟುಗಳನ್ನೇ ಆರಿಸಿದಳು.

“ಇವು ಜಂಗ್ ಹಿಡೀತಾವ್ರಿ ಅಕ್ಕಾರ,” ಎಂದ ಅಂಗಡಿಯವನು.

“ಹಿಡೀಲಿ ಬಿಡ್ರಿ. ನಮ್ಮತ್ತಿ ಸತ್ತು ಎಷ್ಟೋ ವರ್ಷ ಆತು. ಆಕಿ ಉಂಡ ತಾಟಿನ್ಯಾಗ ನಾ ಉಣ್ಣಾಕ ಕುಂತ್ರ ಇನ್ನೂ ಬೈತಾಳ. ನನ್ನ ಮಗಳಾದ್ರೂ ಸಮಾಧಾನದಿಂದ ಉಣ್ಲಿ.”

ಜೊತೆಗೆ ಬಂದಿದ್ದ ಶಿವಲೀಲಾ ಅಂಗಡಿಯ ಒಳ್ಳೆಯ ಸ್ಟೀಲಿನ ಲೋಟವೊಂದಕ್ಕೆ ನೀರು ತುಂಬಿ ತಾಯಿಗೆ ಕೊಟ್ಟಳು.

“ಅವ್ವಾ, ಇದರಾಗ ದಿನಾ ನೀ ಕುಡಿ. ನೀ ಹೋದ ಮ್ಯಾಲೆ ನಿನ್ನ ದನಿ ನನಗ ಬೇಕು.”

ಕಸ್ತೂರೆವ್ವ ತನ್ನದೂ ಬೈಗುಳವೇ ಉಳಿದೀತೆಂದು ಹೆದರಿದಳು. ನೀರು ಕುಡಿದು, ಲೋಟದೊಳಗೆ ಮೆಲ್ಲನೆ ಕೇಳಿದಳು:

“ಹೊಟ್ಟಿ ತುಂಬ ಉಂಡಿಯೇನವ್ವಾ?”